ಫರ್ಮ್‌ವೇರ್ ದೋಷಗಳು: ಯಂತ್ರದ ತಪ್ಪಿಗೆ ಕಾರ್ಯಾಚರಣ ವ್ಯವಸ್ಥೆಯ ತೇಪೆ

ಗಣಕದ ಗುಂಡಿಯನ್ನು ಒತ್ತಿದ ಮೇಲೆ ಪರದೆಯಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಮೂಡುವ ಮುನ್ನ ಕೆಲವು ಕ್ಷಣಗಳು ಕಳೆಯುತ್ತವೆ. ಆ ಕ್ಷಣಗಳಲ್ಲಿ ಯಂತ್ರವನ್ನು ನಡೆಸುತ್ತಿರುವುದು ಮದರ್‌ಬೋರ್ಡಿನ ಮೇಲಿರುವ ಪುಟ್ಟ ಚಿಪ್ಪೊಂದರಲ್ಲಿ ಬರೆದಿಟ್ಟ ತಂತ್ರಾಂಶ. ಹಳೆಯ ಗಣಕಗಳಲ್ಲಿ ಇದನ್ನು ಬಯಾಸ್ ಎಂದು ಕರೆಯುತ್ತಿದ್ದರು. ಈಗಿನ ಗಣಕಗಳಲ್ಲಿ ಅದರ ಸ್ಥಾನಕ್ಕೆ ಯುಇಎಫ್‌ಐ ಬಂದಿದೆ. ಎರಡಕ್ಕೂ ಸಲ್ಲುವ ಸಾಮಾನ್ಯ ಹೆಸರು ಫರ್ಮ್‌ವೇರ್. ಯಂತ್ರದಲ್ಲಿ ಎಷ್ಟು ಮೆಮೊರಿ ಇದೆ, ಅದರಲ್ಲಿ ಯಾವ ಭಾಗವನ್ನು ಮುಟ್ಟಬಾರದು, ಯಾವ ಸಾಧನ ಎಲ್ಲಿ ಜೋಡಣೆಯಾಗಿದೆ, ಫ್ಯಾನನ್ನು ತಿರುಗಿಸುವುದು ಹೇಗೆ, ಬ್ಯಾಟರಿಯ ಮಟ್ಟವನ್ನು ಓದುವುದು ಹೇಗೆ ಎಂಬ ವಿವರಗಳನ್ನೆಲ್ಲ ಕಾರ್ಯಾಚರಣ ವ್ಯವಸ್ಥೆಯ ಕೈಗೊಪ್ಪಿಸುವುದು ಫರ್ಮ್‌ವೇರಿನ ಮುಖ್ಯ ಕರ್ತವ್ಯ.

ಹೀಗೆ ಒಪ್ಪಿಸಿದ ವಿವರಗಳೇ ತಪ್ಪಾಗಿದ್ದರೆ ಏನಾದೀತು? ಪ್ರಶ್ನೆ ಕಾಲ್ಪನಿಕವಲ್ಲ. ಮುಚ್ಚಳ ಮುಚ್ಚಿ ಮಲಗಿಸಿದ ಲ್ಯಾಪ್‌ಟಾಪ್ ಮತ್ತೆ ಏಳದಿರುವುದು, ಫ್ಯಾನ್ ತಿರುಗದೆ ಯಂತ್ರ ಕಾದು ಕೆಂಡವಾಗುವುದು, ಹೆಚ್ಚು ಮೆಮೊರಿ ಹಾಕಿಸಿದ ಮೇಲೆ ಗಣಕ ಮೊದಲಿಗಿಂತ ನಿಧಾನವಾಗುವುದು, ಒಂದೇ ಸಾಲಿನ ಆದೇಶದಿಂದ ಮದರ್‌ಬೋರ್ಡೇ ನಿರ್ಜೀವವಾಗುವುದು - ಇವೆಲ್ಲ ನಡೆದಿರುವ ಸಂಗತಿಗಳು. ಬಳಕೆದಾರನ ದೃಷ್ಟಿಯಲ್ಲಿ ತಪ್ಪು ಕಾರ್ಯಾಚರಣ ವ್ಯವಸ್ಥೆಯದು, ಏಕೆಂದರೆ ಅವನಿಗೆ ಕಾಣುವುದು ಅದೊಂದೇ. ಆದರೆ ಆ ವ್ಯವಸ್ಥೆಯನ್ನು ಬರೆದವರಿಗೆ ಚಿಪ್ಪಿನೊಳಗಿನ ತಂತ್ರಾಂಶವನ್ನು ತಿದ್ದುವ ಅಧಿಕಾರವಿಲ್ಲ. ಅದರ ಮೂಲ ಪಠ್ಯವನ್ನು ನೋಡುವ ಅವಕಾಶವೂ ಸಾಮಾನ್ಯವಾಗಿ ಇರುವುದಿಲ್ಲ. ತಿದ್ದಬಲ್ಲ ತಯಾರಕರು ಆ ವೇಳೆಗೆ ಮುಂದಿನ ಮಾದರಿಯ ಮಾರಾಟದಲ್ಲಿ ಮುಳುಗಿರುತ್ತಾರೆ. ಹೀಗಾಗಿ ಒಬ್ಬರ ತಪ್ಪಿಗೆ ಇನ್ನೊಬ್ಬರು ತೇಪೆ ಹಚ್ಚುವ ಕೆಲಸ ಗಣಕಲೋಕದಲ್ಲಿ ದಶಕಗಳಿಂದ ನಡೆದುಕೊಂಡು ಬಂದಿದೆ. ಇದರ ಅತಿ ವಿವರವಾದ ದಾಖಲೆ ಸಿಗುವುದು ಲಿನಕ್ಸ್‌ನಲ್ಲಿ. ಅದರ ಮೂಲ ಪಠ್ಯ ಎಲ್ಲರಿಗೂ ತೆರೆದಿರುವುದರಿಂದ ತೇಪೆಗಳೂ ಎಲ್ಲರ ಕಣ್ಣಿಗೆ ಬೀಳುತ್ತವೆ. ವಿಂಡೋಸ್‌ನಲ್ಲಿಯೂ ಇಂಥವು ಇವೆ, ಕಾಣುವುದಿಲ್ಲ ಅಷ್ಟೆ.

ಒಂದು ಮನೆ, ಇಬ್ಬರು ಯಜಮಾನರು

1981ರಲ್ಲಿ ಐಬಿಎಂ ಪಿಸಿ ಬಂದಾಗ ಬಯಾಸ್‌ನ ಕೆಲಸ ಸರಳವಾಗಿತ್ತು. ಕೀಲಿಮಣೆ, ಪರದೆ, ಫ್ಲಾಪಿಗಳನ್ನು ನಡೆಸುವ ಚಿಕ್ಕ ಚಿಕ್ಕ ಸೇವೆಗಳನ್ನು ಅದು ಒದಗಿಸುತ್ತಿತ್ತು, ಡಾಸ್ ಅವುಗಳನ್ನು ಬಳಸಿಕೊಳ್ಳುತ್ತಿತ್ತು. ಮುಂದೆ ಬಂದ ಕಾರ್ಯಾಚರಣ ವ್ಯವಸ್ಥೆಗಳು ತಮ್ಮದೇ ಚಾಲಕ ತಂತ್ರಾಂಶಗಳ ಮೂಲಕ ಯಂತ್ರಾಂಶದೊಡನೆ ನೇರವಾಗಿ ವ್ಯವಹರಿಸತೊಡಗಿದವು. ಬಯಾಸ್ ಬಾಗಿಲು ತೆರೆದು ಪಕ್ಕಕ್ಕೆ ಸರಿಯುವ ಕಾವಲುಗಾರನಾಗಿಯಷ್ಟೇ ಉಳಿಯಬಹುದಿತ್ತು. ಹಾಗಾಗದಂತೆ ಮಾಡಿದ್ದು ಲ್ಯಾಪ್‌ಟಾಪ್. ಬ್ಯಾಟರಿಯನ್ನು ಉಳಿಸಬೇಕು, ಯಂತ್ರವನ್ನು ಮಲಗಿಸಿ ಎಬ್ಬಿಸಬೇಕು. ಇವೆಲ್ಲ ಒಂದೊಂದು ಮಾದರಿಯಲ್ಲಿ ಒಂದೊಂದು ಬಗೆ. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಪಿಎಂ ಎಂಬ ಏರ್ಪಾಟಿನಲ್ಲಿ ವಿದ್ಯುತ್ ನಿರ್ವಹಣೆಯ ಹೊಣೆ ಬಹುಮಟ್ಟಿಗೆ ಬಯಾಸ್‌ನದಾಗಿತ್ತು. ಬಳಕೆದಾರ ಏನು ಮಾಡುತ್ತಿದ್ದಾನೆಂಬುದು ಬಯಾಸ್‌ಗೆ ತಿಳಿಯದು. ಬಯಾಸ್ ಏನು ಮಾಡಲಿದೆ ಎಂಬುದು ಕಾರ್ಯಾಚರಣ ವ್ಯವಸ್ಥೆಗೆ ತಿಳಿಯದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಸ್ಥಿತಿ ಅದು.

ಇದಕ್ಕೆ ಪರಿಹಾರವಾಗಿ 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಎಸಿಪಿಐ ಎಂಬ ಮಾನದಂಡವನ್ನು ಪ್ರಕಟಿಸಿದವು. 2013ರಲ್ಲಿ ಇದರ ಹೊಣೆ ಯುಇಎಫ್‌ಐ ಫೋರಂಗೆ ಹಸ್ತಾಂತರವಾಯಿತು. ತೀರ್ಮಾನ ಕಾರ್ಯಾಚರಣ ವ್ಯವಸ್ಥೆಯದು, ಮಾಹಿತಿ ಫರ್ಮ್‌ವೇರಿನದು ಎಂಬುದು ಎಸಿಪಿಐನ ತಿರುಳು. ಇಲ್ಲಿ ಮಾಹಿತಿಯೆಂದರೆ ಕೇವಲ ಅಂಕಿಗಳ ಪಟ್ಟಿಯಲ್ಲ ಎಂಬುದನ್ನು ಗಮನಿಸಬೇಕು. ಬ್ಯಾಟರಿಯನ್ನು ಓದುವ, ಫ್ಯಾನನ್ನು ತಿರುಗಿಸುವ, ಪರದೆಯ ಬೆಳಕನ್ನು ಏರಿಳಿಸುವ ಪುಟ್ಟ ಪುಟ್ಟ ಕ್ರಮವಿಧಿಗಳನ್ನು ತಯಾರಕರು ಎಎಂಎಲ್ ಎಂಬ ಸಂಕೇತಭಾಷೆಯಲ್ಲಿ ಸಿದ್ಧಪಡಿಸಿ, ಡಿಎಸ್‌ಡಿಟಿ ಎಂಬ ಕೋಷ್ಟಕದಲ್ಲಿ ಅಡಕ ಮಾಡಿರುತ್ತಾರೆ. ಕಾರ್ಯಾಚರಣ ವ್ಯವಸ್ಥೆಯು ತನ್ನ ಹೃದಯಭಾಗವಾದ ಕರ್ನೆಲ್‌ನಲ್ಲಿ ಒಂದು ಇಂಟರ್‌ಪ್ರಿಟರ್ ಇಟ್ಟುಕೊಂಡು ಅವುಗಳನ್ನು ನಡೆಸಬೇಕು. ಅಂದರೆ ಮದರ್‌ಬೋರ್ಡ್ ಕಂಪನಿಯ ಯಾವನೋ ಅಪರಿಚಿತ ಬರೆದ ಸಾಲುಗಳು ಕರ್ನೆಲ್‌ನ ಒಳಗೇ, ಅದರ ಅಧಿಕಾರದೊಂದಿಗೇ ಚಲಾವಣೆಯಾಗುತ್ತವೆ. ಮುಂದಿನ ಬಹುಪಾಲು ತೊಂದರೆಗಳ ಬೇರು ಇಲ್ಲಿದೆ.

ಎಎಂಎಲ್ ಸಿದ್ಧಪಡಿಸುವ ಕಂಪೈಲರುಗಳಲ್ಲಿ ಎರಡು ಪ್ರಸಿದ್ಧ - ಮೈಕ್ರೋಸಾಫ್ಟಿನದು ಮತ್ತು ಇಂಟೆಲ್‌ನದು. ಮೌಲ್ಯವೊಂದನ್ನು ಹಿಂದಿರುಗಿಸಬೇಕಾದ ಕ್ರಮವಿಧಿ ಏನನ್ನೂ ಹಿಂದಿರುಗಿಸದೆ ಮುಗಿದರೆ ಇಂಟೆಲ್‌ನ ಕಂಪೈಲರ್ ಗದರಿಸುತ್ತಿತ್ತು. ಮೈಕ್ರೋಸಾಫ್ಟಿನದು ಉದಾರವಾಗಿ ಬಿಟ್ಟುಬಿಡುತ್ತಿತ್ತು. ತಯಾರಕರ ಪರೀಕ್ಷೆಯೂ ಸಾಮಾನ್ಯವಾಗಿ ವಿಂಡೋಸ್ ನಡೆಯುತ್ತದೆಯೇ ಎಂಬಷ್ಟಕ್ಕೇ ಸೀಮಿತ. ನೂರಾರು ಪುಟಗಳ ಮಾನದಂಡ ಏನು ಹೇಳಿತು ಎನ್ನುವುದಕ್ಕಿಂತ ವಿಂಡೋಸ್ ಏನನ್ನು ಸಹಿಸಿಕೊಂಡಿತು ಎನ್ನುವುದೇ ವಾಸ್ತವದ ಮಾನದಂಡವಾಗಿ ಪರಿಣಮಿಸಿತು. ಲಿನಕ್ಸ್ ಬಳಸುವ, ಇಂಟೆಲ್ ಸಿದ್ಧಪಡಿಸಿದ ಇಂಟರ್‌ಪ್ರಿಟರ್ ಕೂಡ ಕಾಲಕ್ರಮದಲ್ಲಿ ಸಡಿಲವಾಗಬೇಕಾಯಿತು. ಮಾನದಂಡದ ಅಕ್ಷರಶಃ ಪಾಲನೆ ಬೇಕೆನ್ನುವವರು ಗಣಕವನ್ನು ಆರಂಭಿಸುವಾಗ ಅದಕ್ಕೆಂದೇ ‘ಸ್ಟ್ರಿಕ್ಟ್’ ಎಂಬ ಆಯ್ಕೆಯನ್ನು ಕೊಡಬೇಕು. ಕೊಡದಿದ್ದರೆ ಸಡಿಲಿಕೆಯೇ ನಿಯಮ. ಮಾನದಂಡವನ್ನು ಪಾಲಿಸುವುದು ವಿಶೇಷ ಆಯ್ಕೆಯಾಗಿಯೂ ಉಲ್ಲಂಘನೆಯನ್ನು ಸಹಿಸುವುದು ರೂಢಿಯಾಗಿಯೂ ನಿಂತದ್ದು ಈ ಕ್ಷೇತ್ರದ ಸ್ವಭಾವವನ್ನು ಚೆನ್ನಾಗಿ ತಿಳಿಸುತ್ತದೆ.

ಕಪ್ಪುಪಟ್ಟಿಗಳು

ದೋಷವುಳ್ಳ ಯಂತ್ರಗಳನ್ನು ಎದುರಿಸುವ ಮೊದಲ ಉಪಾಯ ಅವುಗಳನ್ನು ದೂರವಿಡುವುದು. ವಿಂಡೋಸ್ 2000ದ ಅನುಸ್ಥಾಪನ ತಂತ್ರಾಂಶವು ಬಯಾಸ್‌ನ ದಿನಾಂಕವನ್ನು ಪರಿಶೀಲಿಸುತ್ತಿತ್ತು. 1999ರ ಜನವರಿ 1ಕ್ಕಿಂತ ಹಳೆಯ ಬಯಾಸ್ ಆಗಿದ್ದು, ಒಳ್ಳೆಯವುಗಳ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಎಸಿಪಿಐಯನ್ನೇ ಬಳಸುತ್ತಿರಲಿಲ್ಲ. ಲಿನಕ್ಸ್‌ನಲ್ಲಿಯೂ ನಿಗದಿತ ವರ್ಷಕ್ಕಿಂತ ಹಿಂದಿನ ಬಯಾಸ್‌ಗಳನ್ನು ನಂಬದಿರುವ ಏರ್ಪಾಟು ಇತ್ತು. ಅನೇಕ ವಿತರಣೆಗಳು 2001ನೇ ಇಸವಿಯನ್ನು ಗಡಿಯಾಗಿ ಇಟ್ಟುಕೊಂಡಿದ್ದವು. ಇದರ ಜೊತೆಗೆ ನಿರ್ದಿಷ್ಟ ಕೋಷ್ಟಕಗಳ ಕಪ್ಪುಪಟ್ಟಿಯೂ ಇದೆ. ಐಬಿಎಂ ಥಿಂಕ್‌ಪ್ಯಾಡ್ 600ಇ ಎಂಬ, 1990ರ ದಶಕದ ಕೊನೆಯ ಲ್ಯಾಪ್‌ಟಾಪ್ ಅದರಲ್ಲಿ ಸ್ಥಾನ ಪಡೆದಿದೆ. ಅಪರಾಧವೇನು ಎಂಬುದನ್ನು ಪಕ್ಕದ ಟಿಪ್ಪಣಿ ತಿಳಿಸುತ್ತದೆ: ಒಂದು ವಿಳಾಸವನ್ನು ಕೇಳಿದಾಗ 7 ಎಂದು ಉತ್ತರಿಸಬೇಕಿದ್ದ ಫರ್ಮ್‌ವೇರ್ 1 ಎಂದು ಉತ್ತರಿಸುತ್ತಿತ್ತು. ಒಂದು ಅಂಕಿಯ ಈ ತಪ್ಪಿನ ನಮೂದು ಎರಡು ದಶಕಗಳಾದರೂ ಕರ್ನೆಲ್‌ನಿಂದ ಅಳಿಯಲಿಲ್ಲ.

ಇಡೀ ಎಸಿಪಿಐಯನ್ನು ನಿಷ್ಕ್ರಿಯಗೊಳಿಸುವುದು ನೆಗಡಿಗೆ ಮೂಗು ಕೊಯ್ದಂತೆ. ಆದ್ದರಿಂದ ಮುಂದೆ ಸೂಕ್ಷ್ಮವಾದ ಪಟ್ಟಿಗಳು ಬೆಳೆದವು. ಗಣಕದ ತಯಾರಕರು ಯಾರು, ಮಾದರಿ ಯಾವುದು, ಬಯಾಸ್‌ನ ಆವೃತ್ತಿ ಮತ್ತು ದಿನಾಂಕ ಯಾವುವು ಎಂಬುದನ್ನು ಫರ್ಮ್‌ವೇರ್ ಡಿಎಂಐ ಎಂಬ ಇನ್ನೊಂದು ಕೋಷ್ಟಕದಲ್ಲಿ ಬರೆದಿರುತ್ತದೆ. ಕರ್ನೆಲ್ ಆ ಹೆಸರನ್ನು ಓದಿ, ತನ್ನ ಪಟ್ಟಿಯಲ್ಲಿ ಹುಡುಕಿ, ಈ ಮಾದರಿಯಾದರೆ ಈ ತೇಪೆ, ಆ ಮಾದರಿಯಾದರೆ ಆ ತೇಪೆ ಎಂದು ನಿರ್ಧರಿಸುತ್ತದೆ. ಪರದೆಯ ಬೆಳಕು, ಸ್ಪರ್ಶಫಲಕ, ಧ್ವನಿ, ನಿದ್ರಾಸ್ಥಿತಿ - ಕರ್ನೆಲ್‌ನ ಬಹುತೇಕ ಎಲ್ಲ ವಿಭಾಗಗಳಲ್ಲಿಯೂ ಇಂಥ ಪಟ್ಟಿಗಳಿವೆ.

ಈ ವಿಧಾನದ ದೌರ್ಬಲ್ಯ ಮೇಲ್ನೋಟಕ್ಕೇ ಗೋಚರ. ಫರ್ಮ್‌ವೇರಿನ ತಪ್ಪನ್ನು ಗುರುತಿಸಲು ಆ ಫರ್ಮ್‌ವೇರ್ ಹೇಳುವ ಹೆಸರನ್ನೇ ನಂಬಬೇಕು. ಎಷ್ಟೋ ಮದರ್‌ಬೋರ್ಡುಗಳಲ್ಲಿ ತಯಾರಕರ ಹೆಸರಿರಬೇಕಾದ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಓ.ಇ.ಎಂ.’ ಎಂದಿರುತ್ತದೆ. ಗಣಕವನ್ನು ಜೋಡಿಸುವ ಕಂಪನಿ ಮುಂದೆ ಭರ್ತಿ ಮಾಡಲಿ ಎಂದು ಬಯಾಸ್ ಬರೆದವರು ಬಿಟ್ಟ ಖಾಲಿ ಜಾಗವದು. ಯಾರೂ ಭರ್ತಿ ಮಾಡದೆ ಹಾಗೆಯೇ ಅಂಗಡಿಗೆ ಬಂದಿರುತ್ತದೆ. ಸಹಿ ಹಾಕದ ಅರ್ಜಿಯಂತಹ ಈ ಯಂತ್ರಗಳನ್ನು ಹೆಸರಿನಿಂದ ಗುರುತಿಸುವುದು ಸಾಧ್ಯವಿಲ್ಲ. ಅಲ್ಲದೆ ಪಟ್ಟಿಗೆ ಸೇರಬೇಕಾದರೆ ಆ ಯಂತ್ರವುಳ್ಳವರು ಯಾರಾದರೂ ತೊಂದರೆಯನ್ನು ಅನುಭವಿಸಿ, ಕಾರಣವನ್ನು ಪತ್ತೆಹಚ್ಚಿ, ವರದಿ ಮಾಡಿರಬೇಕು. ವರದಿ ಮಾಡದವರ ಯಂತ್ರಕ್ಕೆ ತೇಪೆಯಿಲ್ಲ.

ವಿಂಡೋಸ್ ವೇಷದ ಲಿನಕ್ಸ್

ಎಸಿಪಿಐಯಲ್ಲಿ ಫರ್ಮ್‌ವೇರ್ ಕಾರ್ಯಾಚರಣ ವ್ಯವಸ್ಥೆಯನ್ನು ಪ್ರಶ್ನಿಸುವ ಅವಕಾಶವೊಂದಿದೆ. ಓಎಸ್ಐ ಎಂಬ ಈ ವಿಧಾನದ ಮೂಲಕ ಅದು ‘ವಿಂಡೋಸ್ 2001ರ ನಡವಳಿಕೆ ನಿನಗೆ ತಿಳಿದಿದೆಯೇ?’, ‘2006ರದು?’ ಎಂದು ಕೇಳುತ್ತದೆ. 2001 ಎಂದರೆ ಎಕ್ಸ್‌ಪಿ, 2006 ಎಂದರೆ ವಿಸ್ತಾ, 2009 ಎಂದರೆ ವಿಂಡೋಸ್ 7. ಉತ್ತರವನ್ನು ನೋಡಿಕೊಂಡು ಫರ್ಮ್‌ವೇರ್ ತನ್ನ ವರ್ತನೆಯನ್ನು ಬದಲಿಸುತ್ತದೆ. ಲಿನಕ್ಸ್ ಈ ಎಲ್ಲ ಪ್ರಶ್ನೆಗಳಿಗೂ ಹೌದೆಂದೇ ಉತ್ತರಿಸುತ್ತದೆ. ಇದಕ್ಕಿಂತ ಹಳೆಯದಾದ, ‘ನೀನು ಯಾರು’ ಎಂಬ ನೇರ ಪ್ರಶ್ನೆಗೆ ಅದು ಕೊಡುವ ಉತ್ತರ ‘ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ’.

ಇದು ಸುಳ್ಳಲ್ಲವೇ ಎಂದು ಕೇಳಬಹುದು. ಸುಳ್ಳೇ ಹೌದು. ಆದರೆ ನಿಜ ಹೇಳಿ ನೋಡಿದ ಅನುಭವ ಕಹಿಯಾಗಿತ್ತು. ‘ಲಿನಕ್ಸ್’ ಎಂಬ ಪ್ರಶ್ನೆಗೂ ಹಿಂದೆ ಲಿನಕ್ಸ್ ಹೌದೆನ್ನುತ್ತಿತ್ತು. ಕೆಲವು ತಯಾರಕರು ಅದನ್ನು ಬಳಸಿಕೊಂಡು ಆಗಿನ ಲಿನಕ್ಸ್‌ನ ಯಾವುದೋ ಕೊರತೆಗೆ ತಕ್ಕ ಬದಲಾವಣೆಯನ್ನು ಬಯಾಸ್‌ನಲ್ಲಿ ಮಾಡಿದರು. ಲಿನಕ್ಸ್ ಕೆಲವೇ ತಿಂಗಳಲ್ಲಿ ಆ ಕೊರತೆಯನ್ನು ತುಂಬಿಕೊಂಡರೂ ಬಯಾಸ್‌ನಲ್ಲಿ ಹೂತುಹೋದ ಊಹೆ ಮಾತ್ರ ಯಂತ್ರದ ಆಯುಷ್ಯವಿಡೀ ಉಳಿಯಿತು. ಲಿನಕ್ಸ್ ಎಂಬುದು ಯಾವ ಆವೃತ್ತಿ, ಯಾವ ವರ್ಷದ್ದು ಎಂಬ ನಿಖರ ಅರ್ಥವೇ ಆ ಪದಕ್ಕಿರಲಿಲ್ಲ. ಕೊನೆಗೆ 2007ರ ಅಕ್ಟೋಬರಿನಲ್ಲಿ ಬಂದ 2.6.23ನೇ ಆವೃತ್ತಿಯಿಂದ ಲಿನಕ್ಸ್ ತಾನು ಲಿನಕ್ಸ್ ಎಂದು ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿತು.

ತಯಾರಕರು ಪರೀಕ್ಷಿಸಿರುವ ದಾರಿ ಒಂದೇ, ಅದು ವಿಂಡೋಸ್‌ನ ದಾರಿ. ಬೇರೆ ಕವಲುಗಳಲ್ಲಿ ಯಾರೂ ನಡೆದು ನೋಡಿಲ್ಲ ಎಂಬ ಅರಿವು ಈ ನಿರ್ಧಾರದ ಹಿಂದಿದೆ. ಲಿನಕ್ಸ್‌ನಲ್ಲಿ ಎಸಿಪಿಐ ವಿಭಾಗದ ಇತಿಹಾಸವನ್ನು ನೋಡಿದರೆ ಮಾದರಿಗೊಂದು ತೇಪೆ ಹಚ್ಚುವುದಕ್ಕಿಂತ ವಿಂಡೋಸ್ ಹೇಗೆ ನಡೆದುಕೊಳ್ಳುತ್ತದೋ ಅದರ ತಪ್ಪುಗಳ ಸಮೇತ ಹಾಗೆಯೇ ನಡೆದುಕೊಳ್ಳುವುದು ಹೆಚ್ಚು ಫಲ ಕೊಟ್ಟಿರುವುದು ಕಂಡುಬರುತ್ತದೆ. ಅಂಥ ಒಂದು ತಿದ್ದುಪಡಿ ಹತ್ತಾರು ತೇಪೆಗಳನ್ನು ಅನಗತ್ಯಗೊಳಿಸಬಲ್ಲದು. ಯಾವುದೇ ಯಂತ್ರ ಲಿನಕ್ಸ್‌ನಲ್ಲಿ ಎಡವಿ ವಿಂಡೋಸ್‌ನಲ್ಲಿ ಸರಾಗವಾಗಿ ನಡೆದರೆ, ಮೊದಲು ಕೇಳಬೇಕಾದ ಪ್ರಶ್ನೆ ಬಯಾಸ್‌ನಲ್ಲಿ ಏನು ತಪ್ಪಿದೆ ಎಂಬುದಲ್ಲ, ವಿಂಡೋಸ್ ಭಿನ್ನವಾಗಿ ಏನು ಮಾಡುತ್ತಿದೆ ಎಂಬುದು.

2008ರ ಜುಲೈನಲ್ಲಿ ಎದ್ದ ವಿವಾದವೊಂದು ಇದನ್ನು ಸ್ಪಷ್ಟಪಡಿಸಿತು. ಫಾಕ್ಸ್‌ಕಾನ್ ಕಂಪನಿಯ ಮದರ್‌ಬೋರ್ಡ್ ಒಂದರ ಡಿಎಸ್‌ಡಿಟಿಯನ್ನು ಬಿಡಿಸಿ ನೋಡಿದ ಬಳಕೆದಾರರೊಬ್ಬರು, ಲಿನಕ್ಸ್‌ಗೆ ಬೇಕೆಂದೇ ಕೆಟ್ಟ ಕೋಷ್ಟಕವನ್ನು ಕೊಡಲಾಗುತ್ತಿದೆ ಎಂದು ಆಪಾದಿಸಿದರು. ಅಂತರಜಾಲದಲ್ಲಿ ದೊಡ್ಡ ಗದ್ದಲವಾಯಿತು. ಆಗ ಲಿನಕ್ಸ್ ಕರ್ನೆಲ್‌ನ ವಿದ್ಯುತ್ ನಿರ್ವಹಣೆಯಲ್ಲಿ ಪಳಗಿದ್ದ ಮ್ಯಾಥ್ಯೂ ಗ್ಯಾರೆಟ್ ಆ ಕೋಷ್ಟಕವನ್ನು ಪರಿಶೀಲಿಸಿ, ದುರುದ್ದೇಶಕ್ಕೆ ಅದರಲ್ಲಿ ಸಾಕ್ಷ್ಯವಿಲ್ಲವೆಂದು ತೋರಿಸಿದರು. ಲಿನಕ್ಸ್ ತಾನು ವಿಂಡೋಸ್ ಎಂದೇ ಹೇಳಿಕೊಳ್ಳುವುದರಿಂದ ಲಿನಕ್ಸ್ ಹೆಸರಿನ ಕವಲಿಗೆ ಅದು ಹೋಗುತ್ತಲೇ ಇರಲಿಲ್ಲ. ಕಂಡಿದ್ದು ಎಲ್ಲ ಕಡೆ ಕಾಣುವ ಅಜಾಗರೂಕತೆಯಷ್ಟೇ.

ಅನುಮಾನಕ್ಕೆ ಹಿನ್ನೆಲೆ ಇಲ್ಲದಿರಲಿಲ್ಲ. 1999ರ ಜನವರಿಯಲ್ಲಿ ಬಿಲ್ ಗೇಟ್ಸ್ ಸಹೋದ್ಯೋಗಿಗಳಿಗೆ ಬರೆದ ಇ-ಮೇಲ್ ಒಂದು ಅಮೆರಿಕದ ಅಯೋವಾ ರಾಜ್ಯದಲ್ಲಿ ಮೈಕ್ರೋಸಾಫ್ಟ್ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಬಹಿರಂಗವಾಗಿತ್ತು. ತಾವೂ ಪಾಲುದಾರರೂ ಶ್ರಮಪಟ್ಟು ಎಸಿಪಿಐ ಸಿದ್ಧಪಡಿಸಿ ಅದರ ಲಾಭ ಲಿನಕ್ಸ್‌ಗೆ ಬಿಟ್ಟಿಯಾಗಿ ದಕ್ಕುವುದು ಸರಿಯೇ, ಅದನ್ನು ಹೇಗಾದರೂ ವಿಂಡೋಸ್‌ಗೆ ಕಟ್ಟಿಹಾಕಲಾಗದೇ ಎಂಬುದು ಅದರ ಧಾಟಿ. ಅದು ಕಾರ್ಯರೂಪಕ್ಕೆ ಬಂದಿತೆನ್ನಲು ಆ ಪತ್ರವೊಂದೇ ಸಾಲದು. ವಿಂಡೋಸ್ ಒಂದರಲ್ಲೇ ಪರೀಕ್ಷೆ ನಡೆಯುತ್ತಿದ್ದಾಗ ಪ್ರತ್ಯೇಕ ಸಂಚಿನ ಅಗತ್ಯವಾದರೂ ಏನಿತ್ತು?

ಒಳ್ಳೆಯ ಉದ್ದೇಶದಿಂದ ಮಾಡಿದ ಬದಲಾವಣೆಯೂ ತೊಡಕಾಗಬಹುದೆಂಬುದಕ್ಕೆ 2015ರ ಡೆಲ್ ಎಕ್ಸ್‌ಪಿಎಸ್ 13 ಉದಾಹರಣೆ. ಆ ಲ್ಯಾಪ್‌ಟಾಪಿನ ಧ್ವನಿ ಸಾಧನ ಎರಡು ಬಗೆಯಲ್ಲಿ ಕೆಲಸ ಮಾಡಬಲ್ಲದಾಗಿತ್ತು. ಹೊಸ ಬಗೆಗೆ ಬೇಕಾದ ಬೆಂಬಲ ಲಿನಕ್ಸ್‌ನಲ್ಲಿ ಇನ್ನೂ ಪಕ್ವವಾಗಿರಲಿಲ್ಲ. ಎಸಿಪಿಐನ ಆವೃತ್ತಿ ಯಾವುದೆಂದು ಕೇಳಿದರೆ ವಿಂಡೋಸ್ 2 ಎಂದೂ ಲಿನಕ್ಸ್ 5 ಎಂದೂ ಉತ್ತರಿಸುತ್ತಿದ್ದುದನ್ನು ಡೆಲ್ ಗಮನಿಸಿ, 5 ಎಂದವರಿಗೆ ಹಳೆಯ ಬಗೆಯಲ್ಲಿ ಧ್ವನಿ ಹೊರಡುವಂತೆ ಮಾಡಿತು. ಲಿನಕ್ಸ್ ಅಭಿವೃದ್ಧಿಕಾರರಿಗೆ ಇದು ಓಎಸ್ಐ ಪ್ರಕರಣದ ಮರುಕಳಿಕೆಯಾಗಿ ಕಂಡಿತು. ಲಿನಕ್ಸ್ ಕೂಡ ಅಂದಿನಿಂದ 2 ಎಂದೇ ಉತ್ತರಿಸತೊಡಗಿತು, ಈ ಒಂದು ಮಾದರಿಗಾಗಿ ವಿನಾಯಿತಿಯೊಂದನ್ನು ಪಟ್ಟಿಗೆ ಸೇರಿಸಿಕೊಂಡಿತು.

ಬಿಟ್ಟುಕೊಟ್ಟ ಮೆಮೊರಿ

ಗಣಕದ ಮೆಮೊರಿಯ ಆರಂಭದ ಭಾಗ ಬಯಾಸ್‌ನ ಹಳೆಯ ಬಿಡಾರ. ಯಂತ್ರ ಚಾಲೂ ಆದ ಮೇಲೆ ಯಾವ ಭಾಗ ತನ್ನದು, ಯಾವುದು ಖಾಲಿ ಎಂಬ ನಕಾಶೆಯನ್ನು ಬಯಾಸ್ ಕಾರ್ಯಾಚರಣ ವ್ಯವಸ್ಥೆಗೆ ಕೊಡುತ್ತದೆ. 2008ರ ಸುಮಾರಿಗೆ ಕೆಲವು ಯಂತ್ರಗಳಲ್ಲಿ ಖಾಲಿ ಎಂದು ಘೋಷಿಸಿದ ಜಾಗದಲ್ಲಿಯೇ ಬಯಾಸ್ ಗುಟ್ಟಾಗಿ ಬರೆಯುತ್ತಿರುವುದು ಪತ್ತೆಯಾಯಿತು. ಲ್ಯಾಪ್‌ಟಾಪನ್ನು ಮಲಗಿಸಿ ಎಬ್ಬಿಸಿದಾಗ, ಕೆಲವೊಮ್ಮೆ ಮಾನಿಟರಿನ ಕೇಬಲ್ ಚುಚ್ಚಿದಾಗ ಮೊದಲ 64 ಕಿಲೋಬೈಟ್‌ಗಳಲ್ಲಿ ಎಲ್ಲಿಯೋ ಕೆಲವು ಬೈಟುಗಳು ಬದಲಾಗುತ್ತಿದ್ದವು. ಅಲ್ಲಿ ಕಡತವೊಂದರ ಭಾಗವಿದ್ದರೆ ಅದು ಸದ್ದಿಲ್ಲದೆ ಕೆಡುತ್ತದೆ. ಪರದೆಯ ಮೇಲೆ ಎಚ್ಚರಿಕೆಯಿಲ್ಲ, ಯಂತ್ರ ನಿಲ್ಲುವುದೂ ಇಲ್ಲ. ಫರ್ಮ್‌ವೇರ್ ದೋಷಗಳಲ್ಲಿ ಇದಕ್ಕಿಂತ ಭಯಾನಕವಾದದ್ದು ಅಪರೂಪ.

ಮೊದಲು ಎಂದಿನಂತೆ ಪಟ್ಟಿ ಸಿದ್ಧವಾಯಿತು. ಪಟ್ಟಿಯಲ್ಲಿದ್ದ ಹೆಸರುಗಳೆಂದರೆ ಅಮೆರಿಕನ್ ಮೆಗಾಟ್ರೆಂಡ್ಸ್ ಮತ್ತು ಫೀನಿಕ್ಸ್ - ಜಗತ್ತಿನ ಗಣಕಗಳಿಗೆ ಬಯಾಸ್ ಒದಗಿಸುವ ಕಂಪನಿಗಳಲ್ಲಿ ಅತಿ ದೊಡ್ಡವು. ಅಪವಾದಗಳ ಪಟ್ಟಿಯಲ್ಲಿ ಬಹುಪಾಲು ಯಂತ್ರಗಳು ಸೇರಿಕೊಂಡರೆ ಅದನ್ನು ಅಪವಾದ ಎನ್ನುವುದರಲ್ಲಿ ಅರ್ಥವಿಲ್ಲ. 2010ರಲ್ಲಿ ಪಟ್ಟಿಯನ್ನು ಕಿತ್ತುಹಾಕಿ, ಎಲ್ಲ ಯಂತ್ರಗಳಲ್ಲಿಯೂ ಮೊದಲ 64 ಕಿಲೋಬೈಟ್‌ಗಳನ್ನು ಬಳಸದೆ ಬಿಡುವುದೇ ನಿಯಮವಾಯಿತು. 2021ರಲ್ಲಿ ಲಿನಕ್ಸ್ 5.13 ಇನ್ನೂ ಮುಂದೆ ಹೋಗಿ ಮೊದಲ ಒಂದು ಮೆಗಾಬೈಟನ್ನು ಪೂರ್ತಿಯಾಗಿ ಬದಿಗಿಟ್ಟಿತು. ಗಿಗಾಬೈಟುಗಳ ಕಾಲದಲ್ಲಿ ಒಂದು ಮೆಗಾಬೈಟ್ ಕೊಟ್ಟು ನೆಮ್ಮದಿ ಕೊಳ್ಳುವುದು ಲಾಭದ ವ್ಯಾಪಾರವೇ ಸರಿ.

ಮೆಮೊರಿ ಹೆಚ್ಚಿಸಿದರೆ ಗಣಕ ನಿಧಾನವಾಗುವ ವಿಚಿತ್ರವೂ ಇದೇ ಕಾಲದ್ದು. ಮೆಮೊರಿಯ ಯಾವ ಭಾಗವನ್ನು ಪ್ರೊಸೆಸರ್ ತನ್ನ ವೇಗದ ಕ್ಯಾಶ್‌ನಲ್ಲಿ ಇಟ್ಟುಕೊಳ್ಳಬಹುದು ಎಂಬುದನ್ನು ಎಂಟಿಆರ್‌ಆರ್ ಎಂಬ ರಿಜಿಸ್ಟರುಗಳಲ್ಲಿ ಬಯಾಸ್ ಬರೆಯಬೇಕು. 4 ಗಿಗಾಬೈಟ್ ಹಾಕಿದ ಕೆಲವು ಯಂತ್ರಗಳಲ್ಲಿ ಮೇಲ್ತುದಿಯ ಒಂದಿಷ್ಟು ಭಾಗವನ್ನು ಬಯಾಸ್ ಸೇರಿಸಲು ಮರೆತಿರುತ್ತಿತ್ತು. ಆ ಭಾಗದಲ್ಲಿ ಕೆಲಸ ಬಿದ್ದಾಗ ಗಣಕ ತೆವಳುತ್ತಿತ್ತು. 2008ರ 2.6.25ನೇ ಆವೃತ್ತಿಯಿಂದ ಲಿನಕ್ಸ್ ಅಂಥ ಭಾಗವನ್ನು ಲೆಕ್ಕದಿಂದಲೇ ಕೈಬಿಟ್ಟು, ಬಯಾಸ್ ದೋಷದಿಂದ ಇಂತಿಷ್ಟು ಮೆಗಾಬೈಟ್ ನಷ್ಟವಾಯಿತೆಂದು ದಾಖಲೆಯಲ್ಲಿ ಬರೆಯುತ್ತದೆ.

ಯುಇಎಫ್‌ಐ ಕಾಲದ ಗಂಡಾಂತರ

ಬಯಾಸ್ ಹೋಗಿ ಯುಇಎಫ್‌ಐ ಬಂದರೆ ಎಲ್ಲ ಸರಿಹೋದೀತೆಂಬ ನಿರೀಕ್ಷೆ ಹುಸಿಯಾಯಿತು. ಯಂತ್ರದ ಹತೋಟಿ ಕಾರ್ಯಾಚರಣ ವ್ಯವಸ್ಥೆಗೆ ಬಂದ ಮೇಲೆ, ಆರಂಭದ ಸೇವೆಗಳಿಗೆ ಮೀಸಲಿದ್ದ ಮೆಮೊರಿಯನ್ನು ಅದು ಮರುಬಳಕೆ ಮಾಡಬಹುದೆಂದು ಮಾನದಂಡ ಸಾರುತ್ತದೆ. ವಾಸ್ತವದಲ್ಲಿ ಅನೇಕ ಫರ್ಮ್‌ವೇರುಗಳು ಆನಂತರವೂ ಅಲ್ಲಿಗೇ ಹೋಗಿ ಇಣುಕುತ್ತಿದ್ದವು. ಹೀಗಾಗಿ 2011ರಿಂದ ಲಿನಕ್ಸ್ ಆ ಭಾಗವನ್ನು ಒಂದು ಹಂತದವರೆಗೆ ಮುಟ್ಟದೆ ಕಾಯ್ದಿರಿಸುತ್ತದೆ.

ಹೆಚ್ಚಿನ ಅಪಾಯ ಇನ್ನೊಂದು ಕಡೆ ಇತ್ತು. ಯುಇಎಫ್‌ಐ ತನ್ನ ಆಯ್ಕೆಗಳನ್ನು ಚಿಪ್ಪಿನಲ್ಲಿ ಶಾಶ್ವತ ಚರಾಂಶಗಳಾಗಿ ಉಳಿಸಿಕೊಳ್ಳುತ್ತದೆ. ಕಾರ್ಯಾಚರಣ ವ್ಯವಸ್ಥೆಯೂ ಅಲ್ಲಿ ಬರೆಯಬಹುದು. 2013ರ ಆರಂಭದಲ್ಲಿ ಕೆಲವು ಸ್ಯಾಮ್ಸಂಗ್ ಲ್ಯಾಪ್‌ಟಾಪುಗಳು ಲಿನಕ್ಸ್ ನಡೆಸಿದ ಬಳಿಕ ಸಂಪೂರ್ಣ ನಿರ್ಜೀವವಾದವು. ಗುಂಡಿ ಒತ್ತಿದರೆ ಏನೂ ಆಗದು, ಮದರ್‌ಬೋರ್ಡನ್ನೇ ಬದಲಿಸಬೇಕು. ಮೊದಲ ಆರೋಪ ಸ್ಯಾಮ್ಸಂಗ್‌ಗೆಂದೇ ಇದ್ದ ಚಾಲಕ ತಂತ್ರಾಂಶದ ಮೇಲೆ ಬಿತ್ತು, ಯುಇಎಫ್‌ಐ ಯಂತ್ರಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಲಾಯಿತು. ಆದರೆ ಚರಾಂಶಗಳ ಉಗ್ರಾಣ ಹೆಚ್ಚು ತುಂಬಿದರೆ ಫರ್ಮ್‌ವೇರ್ ಎದ್ದೇಳಲಾರದು, ವಿಂಡೋಸ್‌ನಿಂದಲೂ ಇದೇ ಅನಾಹುತ ಸಾಧ್ಯ ಎಂಬುದನ್ನು ಗ್ಯಾರೆಟ್ ತೋರಿಸಿಕೊಟ್ಟರು. ಉಗ್ರಾಣದ ಅರ್ಧಭಾಗ ಖಾಲಿ ಉಳಿಯದಂತಿದ್ದರೆ ಹೊಸದೇನನ್ನೂ ಬರೆಯುವುದಿಲ್ಲವೆಂದು ಲಿನಕ್ಸ್ ನಿಯಮ ಮಾಡಿಕೊಂಡಿತು. ಅದು ಅತಿಯಾಯಿತೆಂದು ಕಂಡುಬಂದಾಗ ಸುಮಾರು 5 ಕಿಲೋಬೈಟ್ ಉಳಿಸಿಕೊಂಡರೆ ಸಾಕೆಂದು ಅದೇ ವರ್ಷ ಸಡಿಲಿಸಿತು.

ಮೂರು ವರ್ಷಗಳ ಬಳಿಕ ಇನ್ನೊಂದು ಪ್ರಕರಣ. ಲಿನಕ್ಸ್‌ನಲ್ಲಿ ಈ ಚರಾಂಶಗಳು ಕಡತಗಳ ರೂಪದಲ್ಲಿ ಕಾಣಿಸುತ್ತವೆ. ಇಡೀ ಡಿಸ್ಕನ್ನು ಅಳಿಸುವ ಆದೇಶ ಕೊಟ್ಟಾಗ ಡಿಸ್ಕಿನ ಕಡತಗಳ ಜೊತೆಗೆ ಚಿಪ್ಪಿನ ಚರಾಂಶಗಳೂ ಅಳಿದು, 2016ರ ಆರಂಭದಲ್ಲಿ ಒಂದು ಲ್ಯಾಪ್‌ಟಾಪ್ ಮತ್ತೆ ಏಳದಂತಾಯಿತು. ಚರಾಂಶ ಇಲ್ಲದಿದ್ದರೆ ಫರ್ಮ್‌ವೇರ್ ಮೂಲಸ್ಥಿತಿಗೆ ಮರಳಬೇಕು, ಅದು ಮರಳಲಿಲ್ಲ. ಡಿಸ್ಕ್ ಅಳಿಸಲು ಹೊರಟವನಿಗೆ ಮದರ್‌ಬೋರ್ಡ್ ಕಳೆದುಕೊಳ್ಳುವ ಶಿಕ್ಷೆ ಯಾವ ನ್ಯಾಯ? ಸುರಕ್ಷಿತವೆಂದು ಗೊತ್ತಿರುವ ಕೆಲವನ್ನು ಬಿಟ್ಟು ಉಳಿದ ಚರಾಂಶಗಳನ್ನು ಸುಲಭವಾಗಿ ಅಳಿಸಲಾಗದಂತೆ ಅದೇ ವರ್ಷ ಕರ್ನೆಲ್ ಬೀಗ ಹಾಕಿತು.

ಎಲ್ಲ ತಪ್ಪೂ ಒಂದೇ ಕಡೆಯದೆಂದು ಭಾವಿಸಬಾರದು. 2017ರ ಡಿಸೆಂಬರಿನಲ್ಲಿ ಉಬುಂಟು 17.10ನ್ನು ಹಾಕಿದ ಹಲವು ಲ್ಯಾಪ್‌ಟಾಪುಗಳ ಬಯಾಸ್ ಆಯ್ಕೆಗಳು ಬದಲಿಸಲಾಗದಂತೆ ಹೆಪ್ಪುಗಟ್ಟಿದವು. ಫರ್ಮ್‌ವೇರ್ ಚಿಪ್ಪನ್ನು ಮುಟ್ಟುವ ಚಾಲಕ ತಂತ್ರಾಂಶವೊಂದನ್ನು ವಿತರಣೆಯಲ್ಲಿ ಸೇರಿಸಿದ್ದು ಅದಕ್ಕೆ ಕಾರಣ. ಕ್ಯಾನೊನಿಕಲ್ ಸಂಸ್ಥೆ ಆ ಆವೃತ್ತಿಯನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಂಡು, 2018ರ ಜನವರಿಯಲ್ಲಿ ತಿದ್ದಿ ಬಿಡುಗಡೆ ಮಾಡಿತು.

ಗೂಢಲಿಪೀಕರಣಕ್ಕೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳ ವಿಷಯದಲ್ಲಿ ನಡೆದದ್ದು ಇವೆಲ್ಲಕ್ಕಿಂತ ಸೂಕ್ಷ್ಮ. ಕೆಲವು ಹಳೆಯ ಎಎಂಡಿ ಪ್ರೊಸೆಸರುಗಳಲ್ಲಿ ಗಣಕ ನಿದ್ರೆಯಿಂದ ಎದ್ದ ಮೇಲೆ ಸಂಖ್ಯೆ ಕೇಳಿದರೆ ಪ್ರತಿ ಬಾರಿಯೂ ಒಂದೇ ಉತ್ತರ ಬರುತ್ತಿತ್ತು, ‘ಯಶಸ್ವಿ’ ಎಂಬ ಮುದ್ರೆಯೊಂದಿಗೆ. ಎಬ್ಬಿಸುವಾಗ ಫರ್ಮ್‌ವೇರ್ ಅದನ್ನು ಮತ್ತೆ ಸಜ್ಜುಗೊಳಿಸಬೇಕಿತ್ತು. ಊಹಿಸಬಲ್ಲ ಸಂಖ್ಯೆಯಿಂದ ಮಾಡಿದ ಕೀಲಿ ಕೀಲಿಯೇ ಅಲ್ಲ. ಯಾವ ಯಂತ್ರದ ಬಯಾಸ್ ಸರಿಯಿದೆ, ಯಾವುದರದು ಇಲ್ಲ ಎಂದು ಖಚಿತವಾಗಿ ತಿಳಿಯುವ ದಾರಿ ಇಲ್ಲದ್ದರಿಂದ 2019ರಲ್ಲಿ ಲಿನಕ್ಸ್ ಆ ಪೀಳಿಗೆಯ ಪ್ರೊಸೆಸರುಗಳಲ್ಲಿ ಈ ಸೌಲಭ್ಯ ಇಲ್ಲವೆಂದೇ ಘೋಷಿಸಿತು.

ಬಳಕೆದಾರರು ಮಾಡಬಹುದಾದದ್ದು

ಲಿನಕ್ಸ್ ಬಳಸುವವರು ಕರ್ನೆಲ್‌ನ ದಾಖಲೆಯಲ್ಲಿ ‘ಫರ್ಮ್‌ವೇರ್ ಬಗ್’ ಎಂಬ ಪದಗಳಿರುವ ಸಾಲುಗಳನ್ನು ಹುಡುಕಬಹುದು. ತೇಪೆ ಹಚ್ಚಿದ ಕಡೆಗಳಲ್ಲಿ ಕರ್ನೆಲ್ ಹೀಗೆ ಗುರುತು ಹಾಕುತ್ತದೆ. ಇಂಥ ಸಾಲು ಕಂಡ ಮಾತ್ರಕ್ಕೆ ಗಾಬರಿ ಬೇಡ. ಬಹಳಷ್ಟು ಸಾಲುಗಳು ದೋಷವನ್ನು ಈಗಾಗಲೇ ನಿಭಾಯಿಸಲಾಗಿದೆ ಎಂಬುದರ ಸೂಚನೆ. ಹೆಚ್ಚಿನ ತಪಾಸಣೆಗೆ ಕ್ಯಾನೊನಿಕಲ್ ಸಿದ್ಧಪಡಿಸಿದ ಫರ್ಮ್‌ವೇರ್ ಟೆಸ್ಟ್ ಸೂಟ್ ಉಚಿತವಾಗಿ ಲಭ್ಯವಿದೆ. ದೋಷವುಳ್ಳ ಡಿಎಸ್‌ಡಿಟಿಯನ್ನು ಬಿಡಿಸಿ, ತಿದ್ದಿ, ಗಣಕ ಆರಂಭವಾಗುವಾಗ ಮೂಲದ ಬದಲು ತಿದ್ದಿದ್ದನ್ನು ಒದಗಿಸುವ ಸೌಲಭ್ಯ 2013ರಿಂದ ಲಿನಕ್ಸ್‌ನಲ್ಲಿದೆ. ಅದು ಬಲ್ಲವರ ಕೆಲಸ. ಎಸಿಪಿಐಯನ್ನು ಪೂರ್ತಿ ನಿಲ್ಲಿಸುವ ಆಯ್ಕೆಯನ್ನು ಪರೀಕ್ಷೆಗಷ್ಟೇ ಬಳಸಬೇಕು. ಈಗಿನ ಯಂತ್ರಗಳಲ್ಲಿ ಅದನ್ನು ಖಾಯಂ ಆಗಿ ಇಟ್ಟುಕೊಂಡರೆ ಬ್ಯಾಟರಿಯ ಮಾಹಿತಿ, ನಿದ್ರಾಸ್ಥಿತಿಗಳೆಲ್ಲ ಹೋಗುತ್ತವೆ; ಕೆಲವು ಯಂತ್ರಗಳು ಆರಂಭವೇ ಆಗುವುದಿಲ್ಲ.

ನಿಜವಾದ ಪರಿಹಾರ ತಯಾರಕರು ಕೊಡುವ ಹೊಸ ಫರ್ಮ್‌ವೇರ್. ಹಿಂದೆ ಇದಕ್ಕೆ ಡಾಸ್ ಫ್ಲಾಪಿಯೋ ವಿಂಡೋಸ್ ತಂತ್ರಾಂಶವೋ ಬೇಕಾಗುತ್ತಿತ್ತು. ರಿಚರ್ಡ್ ಹ್ಯೂಸ್ 2015ರಲ್ಲಿ ಆರಂಭಿಸಿದ ಎಲ್‌ವಿಎಫ್‌ಎಸ್ ಸೇವೆಯ ಮೂಲಕ ಹಲವು ಪ್ರಮುಖ ತಯಾರಕರ ಫರ್ಮ್‌ವೇರ್ ಲಿನಕ್ಸ್‌ನಿಂದಲೇ ಇಳಿದು ಬರುತ್ತದೆ. ಫರ್ಮ್‌ವೇರನ್ನೇ ಮುಕ್ತ ತಂತ್ರಾಂಶವಾಗಿಸುವ ಕೋರ್‌ಬೂಟ್ ಯೋಜನೆ ಇನ್ನೊಂದು ದಾರಿ. 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ರಾನ್ ಮಿನ್ನಿಚ್ ಇದನ್ನು ಲಿನಕ್ಸ್‌ಬಯಾಸ್ ಎಂಬ ಹೆಸರಿನಲ್ಲಿ ಆರಂಭಿಸಿದರು. ಕ್ರೋಮ್‌ಬುಕ್‌ಗಳು ಇದನ್ನೇ ಬಳಸುತ್ತವೆ. ಆದರೆ ಇದು ನಡೆಯುವ ಮದರ್‌ಬೋರ್ಡುಗಳು ಸೀಮಿತ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಹಳೆಯ ಬೋರ್ಡು ಅಥವಾ ಲ್ಯಾಪ್‌ಟಾಪ್ ಕೊಳ್ಳುವವರು ಆ ಮಾದರಿಗೆ ಕೊನೆಯ ಬಾರಿ ಬಯಾಸ್ ಬಂದದ್ದು ಯಾವ ವರ್ಷ ಎಂಬುದನ್ನು ತಯಾರಕರ ತಾಣದಲ್ಲಿ ಮೊದಲೇ ನೋಡಿಕೊಳ್ಳುವುದು ಒಳಿತು.

ಫರ್ಮ್‌ವೇರ್ ಬದಲಿಸುವ ಕೆಲವು ನಿಮಿಷಗಳಲ್ಲಿ ವಿದ್ಯುತ್ ಹೋದರೆ ಚಿಪ್ಪು ಅರ್ಧ ಹಳತು, ಅರ್ಧ ಹೊಸತಾಗಿ ನಿಂತುಬಿಡುವ ಭಯವಿದೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ ಚಾರ್ಜರನ್ನೂ ಜೋಡಿಸಿರಬೇಕು. ಮೇಜಿನ ಗಣಕವಾದರೆ ಯುಪಿಎಸ್ ಇಲ್ಲದೆ, ಅದರಲ್ಲೂ ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ, ಕೈ ಹಾಕಬಾರದು. ಬದಲಿಸಿದ ಮೇಲೆ ಬಯಾಸ್‌ನ ಆಯ್ಕೆಗಳು ಮೂಲಸ್ಥಿತಿಗೆ ಮರಳಿರಬಹುದಾದ್ದರಿಂದ ಒಮ್ಮೆ ಪರಿಶೀಲಿಸಬೇಕು. ಹಳೆಯ ದೋಷಕ್ಕಾಗಿ ಕರ್ನೆಲ್‌ಗೆ ಕೊಟ್ಟಿದ್ದ ವಿಶೇಷ ಆಯ್ಕೆಗಳಿದ್ದರೆ ಅವನ್ನು ಒಂದೊಂದಾಗಿ ತೆಗೆದು, ಯಂತ್ರವನ್ನು ಹಲವು ಸಲ ಮಲಗಿಸಿ ಎಬ್ಬಿಸಿ ನೋಡಬೇಕು.